ಹಿರಿಯರ ಸಾವಿಗೆ ಕಾರಣ ಕೇಳುವ ಮನೆ: ಯಕೃತ್ತಿನ ಕಾಯಿಲೆ ಕುರಿತು ಸದಸ್ಯರಿಗೊಂದು ಅಧ್ಯಯನ ಪಾಠ

1. ಪಾಠದ ಉದ್ದೇಶ

ಗ್ರಾಮದಲ್ಲಿ ಎಪ್ಪತ್ತು ದಾಟಿದ ಹಿರಿಯರು ತೀರಿಕೊಂಡಾಗ ‘ವಯಸ್ಸಾಗಿತ್ತು, ಹೋದರು’ ಎಂಬ ಮಾತಿನಿಂದ ಬಹುತೇಕ ಮನೆಗಳು ಸಮಾಧಾನ ತಂದುಕೊಳ್ಳುತ್ತವೆ. ಆದರೆ ಸಾವು ಯಕೃತ್ತಿನ, ಅಂದರೆ ಜನರು ‘ಲಿವರ್’ ಎಂದು ಕರೆಯುವ ಅಂಗದ ಕಾಯಿಲೆಯಿಂದ ಆಗಿದ್ದರೆ ಆ ಸಮಾಧಾನ ಬಹಳ ದಿನ ನಿಲ್ಲುವುದಿಲ್ಲ. ಕುಡಿಯದವರಿಗೆ ಈ ಕಾಯಿಲೆ ಹೇಗೆ ಬಂತು, ಮೊದಲೇ ಏಕೆ ತಿಳಿಯಲಿಲ್ಲ, ಆಸ್ಪತ್ರೆಯಲ್ಲಿ ಏನಾಯಿತು, ಇದು ಮಕ್ಕಳಿಗೂ ಬರುವುದೇ ಎಂಬ ಪ್ರಶ್ನೆಗಳು ಮನೆಯವರನ್ನು ಕಾಡುತ್ತವೆ. ಆ ಪ್ರಶ್ನೆಗಳನ್ನು ಹೊತ್ತು ಅವರು ಮೊದಲು ಬರುವುದು ವೈದ್ಯರ ಬಳಿಗಲ್ಲ. ಪರಿಚಿತರಾದ ಗ್ರಾಮ ಪಂಚಾಯತಿ ಸದಸ್ಯರ ಬಳಿಗೆ.

ಸದಸ್ಯರು ವೈದ್ಯರಲ್ಲ, ರೋಗವನ್ನು ನಿರ್ಣಯಿಸುವುದು ಅವರ ಕೆಲಸವೂ ಅಲ್ಲ. ಆದರೆ ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳ ಪೈಕಿ ಆರೋಗ್ಯ ಮತ್ತು ನೈರ್ಮಲ್ಯವೂ ಒಂದು. ಮನೆಯವರ ಪ್ರಶ್ನೆಯನ್ನು ಸರಿಯಾದ ಕಾಗದದ ಕಡೆಗೆ, ಸರಿಯಾದ ಕಚೇರಿಯ ಕಡೆಗೆ, ಸರಿಯಾದ ಪರೀಕ್ಷೆಯ ಕಡೆಗೆ ತಿರುಗಿಸುವುದು ಸದಸ್ಯರಿಂದ ಆಗಬಹುದಾದ ಕೆಲಸ. ಹಾಗೆ ತಿರುಗಿಸದಿದ್ದರೆ ಊರಿನ ಗಾಳಿಮಾತೇ ಉತ್ತರವಾಗಿ ಉಳಿಯುತ್ತದೆ. ಆ ಉತ್ತರದ ಬೆಲೆಯನ್ನು ಮನೆಯಲ್ಲಿ ಉಳಿದವರು ತೆರಬೇಕಾಗುತ್ತದೆ.

2. ಅಧ್ಯಯನಕ್ಕಾಗಿ ಒಂದು ಸಂದರ್ಭ

ಕೆಳಗಿನ ಸಂದರ್ಭವನ್ನು ಚರ್ಚೆಯ ಅನುಕೂಲಕ್ಕಾಗಿ ರೂಪಿಸಲಾಗಿದೆ; ಇದು ಯಾವುದೇ ನಿರ್ದಿಷ್ಟ ಕುಟುಂಬಕ್ಕೆ ಸಂಬಂಧಿಸಿದ್ದಲ್ಲ.

ಒಂದು ಗ್ರಾಮದಲ್ಲಿ 72 ವರ್ಷದ ಅಜ್ಜಿ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಜೀವಮಾನದಲ್ಲಿ ಮದ್ಯ ಮುಟ್ಟಿದವರಲ್ಲ. ಕೊನೆಯ ನಾಲ್ಕು ತಿಂಗಳು ಕಾಲು ಬಾವು ಬಂದಿತ್ತು, ಹೊಟ್ಟೆ ಉಬ್ಬಿತ್ತು, ಕೈ ತೋಳು ಮಾತ್ರ ಸೊರಗಿದ್ದವು. ಹಗಲಿಡೀ ನಿದ್ದೆ, ರಾತ್ರಿಯಿಡೀ ಎಚ್ಚರ, ನಡುವೆ ಸಂಬಂಧವಿಲ್ಲದ ಮಾತು. ‘ಅರವತ್ತಕ್ಕೆ ಅರಳು ಮರಳು’ ಎಂದು ಮನೆಯವರು ಅದನ್ನು ತಳ್ಳಿಹಾಕಿದರು. ಮಂಡಿನೋವಿಗೆ ಔಷಧ ಅಂಗಡಿಯಿಂದ ತಂದ ಮಾತ್ರೆ ನಡೆದಿತ್ತು. ಒಂದು ರಾತ್ರಿ ರಕ್ತ ವಾಂತಿಯಾಯಿತು. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿ ಮೂರನೆಯ ದಿನ ಅಜ್ಜಿ ತೀರಿಕೊಂಡರು.

ಊರಿನಲ್ಲಿ ಎರಡು ಮಾತು ಹುಟ್ಟಿದವು. ‘ಕದ್ದುಮುಚ್ಚಿ ಕುಡಿಯುತ್ತಿದ್ದಿರಬೇಕು’ ಎಂಬುದು ಒಂದು. ‘ಸೊಸೆ ಹೊತ್ತಿಗೆ ಸರಿಯಾಗಿ ಊಟ ಹಾಕಲಿಲ್ಲ’ ಎಂಬುದು ಇನ್ನೊಂದು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಡಿಪ್ಲೊಮಾ ಓದುತ್ತಿರುವ ಮೊಮ್ಮಗ ಮರಣ ಪ್ರಮಾಣಪತ್ರವನ್ನು ಹಿಡಿದು ವಾರ್ಡಿನ ಸದಸ್ಯೆಯ ಮನೆಗೆ ಬಂದ. ‘ಅಕ್ಕಾ, ಇದರಲ್ಲಿ ಅಜ್ಜಿ ಏತಕ್ಕೆ ಹೋದರು ಎಂದು ಎಲ್ಲಿಯೂ ಬರೆದಿಲ್ಲವಲ್ಲ?’ ಎಂಬುದು ಅವನ ಪ್ರಶ್ನೆ. ಅಜ್ಜಿಯ ಮಗ, ಸೊಸೆ, ಈ ಮೊಮ್ಮಗ ಒಂದೇ ಮನೆಯಲ್ಲಿದ್ದಾರೆ. ಅಜ್ಜಿಯ ಮಗಳನ್ನು ಪಕ್ಕದ ಊರಿಗೆ ಕೊಟ್ಟಿದೆ. ಆಕೆಯ ಮಗಳು, ಅಂದರೆ ಅಜ್ಜಿಯ ಮೊಮ್ಮಗಳು, ಐದು ತಿಂಗಳ ಗರ್ಭಿಣಿ.

ಆ ಸದಸ್ಯೆಯ ಸ್ಥಾನದಲ್ಲಿ ನಿಂತು ಮುಂದಿನ ಭಾಗಗಳನ್ನು ಓದತಕ್ಕದ್ದು.

3. ಯಕೃತ್ತು ಮಾಡುವ ಕೆಲಸ ಮತ್ತು ಅದು ಕೆಡುವ ಬಗೆ

ಯಕೃತ್ತು ದೇಹದೊಳಗಿನ ಅತಿ ದೊಡ್ಡ ಅಂಗ. ಬಲಭಾಗದ ಪಕ್ಕೆಲುಬುಗಳ ಕೆಳಗೆ ಇರುತ್ತದೆ. ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಗುತ್ತದೆ. ಕರುಳು ಹೀರಿಕೊಂಡ ಆಹಾರಾಂಶದ ಬಹುಪಾಲು ರಕ್ತದ ಮೂಲಕ ಮೊದಲು ಇಲ್ಲಿಗೆ ಬರುತ್ತದೆ. ವಿಷಾಂಶವನ್ನು ನಿಷ್ಕ್ರಿಯಗೊಳಿಸುವುದು, ಪಿತ್ತರಸವನ್ನು ತಯಾರಿಸುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪದಾರ್ಥಗಳನ್ನು ಹಾಗೂ ರಕ್ತದ ನೀರನ್ನು ನಾಳದೊಳಗೇ ಹಿಡಿದಿಡುವ ಆಲ್ಬುಮಿನ್ ಎಂಬ ಪ್ರೋಟೀನನ್ನು ಸಿದ್ಧಪಡಿಸುವುದು ಇದರ ಕೆಲಸ.

ಈ ಅಂಗ ಕೆಡುವ ಬಗೆಯನ್ನು ಕುಡಿಯುವ ನೀರಿನ ಯೋಜನೆಯ ಹೋಲಿಕೆಯಿಂದ ಸುಲಭವಾಗಿ ಗ್ರಹಿಸಬಹುದು. ಮೇಲ್ಮಟ್ಟದ ಜಲಸಂಗ್ರಹಾಗಾರಕ್ಕೆ ಹೋಗುವ ಮಾರ್ಗದಲ್ಲಿ ಶೋಧಕವೊಂದಿದೆ ಎಂದು ಭಾವಿಸಿ. ಶೋಧಕದಲ್ಲಿ ಹೂಳು ಕಟ್ಟಿದರೆ ಅದರ ಹಿಂದಿನ ಕೊಳವೆಯಲ್ಲಿ ಒತ್ತಡ ಏರುತ್ತದೆ. ದುರ್ಬಲವಾದ ಜೋಡಣೆಗಳಲ್ಲಿ ನೀರು ಜಿನುಗತೊಡಗುತ್ತದೆ. ಒತ್ತಡ ಮಿತಿ ಮೀರಿದರೆ ಒಂದು ಕಡೆ ಕೊಳವೆಯೇ ಒಡೆಯುತ್ತದೆ. ಯಕೃತ್ತಿಗೆ ವರ್ಷಗಟ್ಟಲೆ ಪೆಟ್ಟು ಬೀಳುತ್ತಿದ್ದರೆ ಗಾಯ ಮಾಗಿದ ಜಾಗದಲ್ಲಿ ಮೃದುವಾದ ಅಂಗಾಂಶದ ಬದಲು ಗಟ್ಟಿಯಾದ ಕಲೆ ಕಟ್ಟುತ್ತದೆ. ಕಲೆ ಇಡೀ ಅಂಗಕ್ಕೆ ಹರಡಿದ ಸ್ಥಿತಿಯನ್ನು ವೈದ್ಯರು ‘ಸಿರೋಸಿಸ್’ ಎನ್ನುತ್ತಾರೆ. ಆಗ ಕರುಳಿನಿಂದ ಬರುವ ರಕ್ತಕ್ಕೆ ದಾರಿ ಇಕ್ಕಟ್ಟಾಗಿ ಹಿಂದೆ ಒತ್ತಡ ಹೆಚ್ಚುತ್ತದೆ.

ಅಜ್ಜಿಯಲ್ಲಿ ಕಂಡ ಲಕ್ಷಣಗಳಿಗೆ ಅರ್ಥ ಇಲ್ಲಿ ದೊರೆಯುತ್ತದೆ.

ಹೊಟ್ಟೆ ಉಬ್ಬಿದ್ದು ಜಿನುಗಿದ ನೀರಿನಿಂದ. ಒಂದು ಕಡೆ ಒತ್ತಡ ಹೆಚ್ಚು, ಇನ್ನೊಂದು ಕಡೆ ಆಲ್ಬುಮಿನ್ ಕಡಿಮೆ. ಎರಡೂ ಸೇರಿ ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ, ಕಾಲಿಗೆ ಬಾವು ಬರುತ್ತದೆ. ಇದನ್ನೇ ಹಿರಿಯರು ‘ಜಲೋದರ’ ಎಂದು ಕರೆದದ್ದು.

ರಕ್ತ ವಾಂತಿಯಾದದ್ದು ಒಡೆದ ಜೋಡಣೆಯಿಂದ. ಅನ್ನನಾಳದ ಕೆಳತುದಿಯ ತೆಳುವಾದ ರಕ್ತನಾಳಗಳು ಒತ್ತಡದಿಂದ ಊದಿಕೊಂಡು ಒಂದು ದಿನ ಹಠಾತ್ತನೆ ಒಡೆಯುತ್ತವೆ.

ಹಗಲು ನಿದ್ದೆ, ರಾತ್ರಿ ಎಚ್ಚರ, ತಪ್ಪು ಮಾತು ಇವು ಶೋಧಿಸದೆ ಉಳಿದ ವಿಷಾಂಶ, ಮುಖ್ಯವಾಗಿ ಅಮೋನಿಯಾ, ಮಿದುಳನ್ನು ಮುಟ್ಟಿದ್ದರ ಚಿಹ್ನೆ. ಮಲಬದ್ಧತೆ, ಸೋಂಕು, ರಕ್ತಸ್ರಾವ, ನಿದ್ರೆ ಮಾತ್ರೆ ಇದನ್ನು ಹೆಚ್ಚಿಸುತ್ತವೆ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಈ ಗೊಂದಲ ಬಹುಮಟ್ಟಿಗೆ ಇಳಿಯಬಲ್ಲುದು. ಆದ್ದರಿಂದ ಲಿವರ್ ತೊಂದರೆ ಇರುವ ಹಿರಿಯರ ಮಾತು ತಪ್ಪಿದಾಗ ಅದನ್ನು ಅರಳು ಮರಳು ಎಂದಾಗಲಿ, ಗಾಳಿ ಸೋಕಿದೆ ಎಂದಾಗಲಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

4. ಕಾರಣಗಳು: ಕುಡಿತ ಒಂದೇ ಅಲ್ಲ

ಯಕೃತ್ತು ಗಟ್ಟಿಯಾಗಲು ಹಲವು ಕಾರಣಗಳಿವೆ. ಕೆಲವೊಮ್ಮೆ ಒಬ್ಬರಲ್ಲೇ ಎರಡು ಮೂರು ಕಾರಣಗಳು ಕೂಡಿರುತ್ತವೆ.

ಮದ್ಯ. ಇದು ಪ್ರಮುಖ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ಅದಕ್ಕೂ ಹಿಂದೆ ವರ್ಷಗಟ್ಟಲೆ ಸಾರಾಯಿ ಕುಡಿದು ನಂತರ ಬಿಟ್ಟ ಹಿರಿಯರೂ ಇದ್ದಾರೆ. ಬಿಟ್ಟದ್ದರಿಂದ ಅವರಿಗೆ ಖಂಡಿತ ಪ್ರಯೋಜನವಾಗಿರುತ್ತದೆ. ಆದರೆ ಆಗಲೇ ಕಟ್ಟಿದ್ದ ಕಲೆ ಪೂರ್ತಿ ಅಳಿಸಿರಲಾರದು.

ಹೆಪಟೈಟಿಸ್ ‘ಬಿ’. ಇದು ವೈರಸ್ ಸೋಂಕು. ರಕ್ತದಿಂದ, ಶುದ್ಧೀಕರಿಸದ ಸೂಜಿಯಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ಹುಟ್ಟುವಾಗ ಸೋಂಕು ತಗುಲಿದ ಶಿಶುಗಳಲ್ಲಿ ಸುಮಾರು 90%ರಷ್ಟು ಮಂದಿಗೆ ಅದು ದೀರ್ಘಕಾಲ ಉಳಿಯುತ್ತದೆ; ವಯಸ್ಕರಾದ ಮೇಲೆ ತಗುಲಿದರೆ ಹಾಗೆ ಉಳಿಯುವುದು 5%ಕ್ಕಿಂತ ಕಡಿಮೆ ಮಂದಿಯಲ್ಲಿ. ಆದ್ದರಿಂದ ಎಪ್ಪತ್ತರಲ್ಲಿ ಕಾಣಿಸಿಕೊಂಡ ಕಾಯಿಲೆಯ ಬೀಜ ತೊಟ್ಟಿಲಲ್ಲೇ ಬಿದ್ದಿರಬಹುದು.

ಹೆಪಟೈಟಿಸ್ ‘ಸಿ’. ಇದೂ ರಕ್ತದ ಮೂಲಕ ಹರಡುವ ವೈರಸ್. ವಿಜ್ಞಾನಿಗಳು ಇದನ್ನು ಗುರುತಿಸಿದ್ದು 1989ರಲ್ಲಿ. ಅದಕ್ಕಿಂತ ಮೊದಲು ರಕ್ತ ಪಡೆದವರ ವಿಷಯದಲ್ಲಿ ಆ ರಕ್ತವನ್ನು ಈ ವೈರಸ್ಸಿಗಾಗಿ ಪರೀಕ್ಷಿಸುವ ಉಪಾಯವೇ ಇರಲಿಲ್ಲ. ಒಂದೇ ಗಾಜಿನ ಸಿರಿಂಜನ್ನು ಸರಿಯಾಗಿ ಕುದಿಸದೆ ಹಲವರಿಗೆ ಬಳಸಿದ ಕಾಲದಲ್ಲಿ ಚುಚ್ಚುಮದ್ದು ಪಡೆದ ಹಿರಿಯರೂ ಈ ಅಪಾಯಕ್ಕೆ ಒಳಗಾಗಿದ್ದರು.

ಕೊಬ್ಬು ತುಂಬಿದ ಯಕೃತ್ತು. ಸಕ್ಕರೆ ಕಾಯಿಲೆ, ಬೊಜ್ಜು, ರಕ್ತದಲ್ಲಿ ಹೆಚ್ಚಿದ ಕೊಬ್ಬು ಇರುವವರಲ್ಲಿ ಮದ್ಯದ ಸೋಂಕೇ ಇಲ್ಲದೆಯೂ ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ. ಎಲ್ಲರಲ್ಲೂ ಅಲ್ಲದಿದ್ದರೂ ಕೆಲವರಲ್ಲಿ ಅದು ಉರಿಯೂತಕ್ಕೆ, ಮುಂದೆ ಸಿರೋಸಿಸ್‌ಗೆ ತಿರುಗುತ್ತದೆ. 2021ರಲ್ಲಿ ಕೇಂದ್ರ ಸರ್ಕಾರವು ಇದನ್ನು ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರ್‌ಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿತು.

ಔಷಧಗಳು. ಕ್ಷಯರೋಗದ ಕೆಲವು ಮಾತ್ರೆಗಳು ಕೆಲವರಲ್ಲಿ ಯಕೃತ್ತಿಗೆ ತೊಂದರೆ ಕೊಡುತ್ತವೆ. ಹಾಗೆಂದು ಅವುಗಳನ್ನು ತಾವಾಗಿ ನಿಲ್ಲಿಸಬಾರದು, ಕಣ್ಣು ಹಳದಿಯಾದರೆ ಅಥವಾ ವಾಂತಿ ಶುರುವಾದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಪ್ಯಾರಸಿಟಮಾಲ್ ಅತಿಯಾದರೂ ಅಪಾಯವೇ. ಒಳಗೆ ಏನಿದೆ ಎಂದು ಚೀಟಿಯ ಮೇಲೆ ಬರೆಯದ ಪುಡಿ, ಲೇಹ್ಯಗಳನ್ನು ತಿಂಗಳುಗಟ್ಟಲೆ ಸೇವಿಸಿ ಯಕೃತ್ತು ಕೆಟ್ಟವರೂ ಇದ್ದಾರೆ.

ಬೂಷ್ಟು ಹಿಡಿದ ಧಾನ್ಯ. ಸರಿಯಾಗಿ ಒಣಗಿಸದ ಶೇಂಗಾ, ಮೆಕ್ಕೆಜೋಳದಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ‘ಅಫ್ಲಾಟಾಕ್ಸಿನ್’ ಎಂಬ ವಿಷವನ್ನು ಉತ್ಪಾದಿಸುತ್ತದೆ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗ್ರಾಮಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಯಕೃತ್ತಿನ ಕಾಯಿಲೆಯಿಂದ ಅನೇಕರು ಸತ್ತರು. ದೀರ್ಘಕಾಲ ಅಲ್ಪ ಪ್ರಮಾಣದಲ್ಲಿ ಸೇವಿಸಿದರೆ, ಅದರಲ್ಲಿಯೂ ಹೆಪಟೈಟಿಸ್ ‘ಬಿ’ ಇರುವವರಲ್ಲಿ, ಯಕೃತ್ತಿನ ಕ್ಯಾನ್ಸರ್‌ನ ಅಪಾಯ ಹೆಚ್ಚುತ್ತದೆ.

ಇತರೆ. ದೇಹದ ರಕ್ಷಣಾ ವ್ಯವಸ್ಥೆಯೇ ಯಕೃತ್ತನ್ನು ಬಾಧಿಸುವ ಕಾಯಿಲೆಗಳು ಹಾಗೂ ತಾಮ್ರ, ಕಬ್ಬಿಣದ ಅಂಶ ಸೇರಿಕೊಳ್ಳುವ ವಂಶವಾಹಿ ಕಾಯಿಲೆಗಳು ವಿರಳವಾಗಿ ಕಂಡುಬರುತ್ತವೆ.

ಈ ಪಟ್ಟಿಯನ್ನು ಕಂಠಪಾಠ ಮಾಡಬೇಕಾಗಿಲ್ಲ. ‘ಲಿವರ್ ಎಂದರೆ ಕುಡಿತ’ ಎಂಬ ಸಮೀಕರಣ ತಪ್ಪು ಎಂಬುದನ್ನು ಮನಗಂಡರೆ ಸಾಕು. ಆ ಸಮೀಕರಣವು ಸತ್ತವರ ಮರ್ಯಾದೆಯನ್ನು ಕಳೆಯುತ್ತದೆ. ಅದಕ್ಕಿಂತ ದೊಡ್ಡ ಹಾನಿಯೆಂದರೆ, ಕಾರಣ ವೈರಸ್ ಆಗಿದ್ದ ಪಕ್ಷದಲ್ಲಿ ಮನೆಯ ಉಳಿದವರು ಪರೀಕ್ಷೆಗೆ ಹೋಗುವ ಯೋಚನೆಯನ್ನೇ ಮಾಡುವುದಿಲ್ಲ.

5. ‘ಮೊದಲೇ ಏಕೆ ತಿಳಿಯಲಿಲ್ಲ?’

ಮನೆಯವರನ್ನು ಹೆಚ್ಚು ನೋಯಿಸುವ ಪ್ರಶ್ನೆ ಇದು. ಯಕೃತ್ತಿನ ಒಳಭಾಗದಲ್ಲಿ ನೋವು ತಿಳಿಸುವ ನರಗಳಿಲ್ಲ. ಅದರ ಬಹುಭಾಗ ಕೆಟ್ಟರೂ ಉಳಿದ ಭಾಗ ಕೆಲಸವನ್ನು ನಿಭಾಯಿಸುತ್ತದೆ. ಹೊಟ್ಟೆಯಲ್ಲಿ ನೀರು ಕಾಣಿಸಿಕೊಳ್ಳುವ ಹೊತ್ತಿಗೆ ಕಾಯಿಲೆಗೆ ಹತ್ತಾರು ವರ್ಷಗಳಾಗಿರಬಹುದು. ಆದ್ದರಿಂದ ಕೊನೆಯ ತಿಂಗಳಲ್ಲಿ ಊಟ ಕಡಿಮೆಯಾದದ್ದರಿಂದಾಗಲಿ, ಸೊಸೆಯ ಆರೈಕೆಯಲ್ಲಿ ಏನೋ ಕೊರತೆಯಾದದ್ದರಿಂದಾಗಲಿ ಸಿರೋಸಿಸ್ ಬರುವುದಿಲ್ಲ. ಹಸಿವು ಸತ್ತು ಮೈ ಸೊರಗುವುದು ಕಾಯಿಲೆಯ ಲಕ್ಷಣ. ಈ ಮಾತನ್ನು ಸದಸ್ಯರು ಆ ಮನೆಯಲ್ಲಿ, ಸೊಸೆಯೂ ಕೇಳಿಸಿಕೊಳ್ಳುವಂತೆ, ಸ್ಪಷ್ಟವಾಗಿ ಹೇಳಬೇಕು.

ಹೊಟ್ಟೆಯ ನೀರು ತೆಗೆದದ್ದರಿಂದಲೇ ಜೀವ ಹೋಯಿತು ಎಂಬ ನಂಬಿಕೆಯೂ ಹಲವೆಡೆ ಇದೆ. ಉಸಿರಾಟಕ್ಕೆ ಅಡ್ಡಿಯಾಗುವಷ್ಟು ನೀರು ತುಂಬಿದಾಗ ಸೂಜಿಯಿಂದ ಅದನ್ನು ತೆಗೆಯುವುದು ಅಂಗೀಕೃತ ಚಿಕಿತ್ಸೆ. ನೀರು ತೆಗೆಯಬೇಕಾದ ಹಂತಕ್ಕೆ ಬಂದವರ ಕಾಯಿಲೆ ಆಗಲೇ ಬಹಳ ಮುಂದುವರಿದಿರುವುದರಿಂದ ಎರಡಕ್ಕೂ ಗಂಟು ಬೀಳುತ್ತದೆ.

ಆದರೂ ಪ್ರತಿಯೊಂದನ್ನೂ ಹಣೆಬರಹವೆಂದು ಬಿಡುವಂತಿಲ್ಲ. ಕಣ್ಣು ಹಳದಿಯಾದಾಗ ಕಾದ ಕಬ್ಬಿಣದಿಂದ ಬರೆ ಹಾಕಿಸುವುದು, ನಾಟಿ ಔಷಧಿಗಾಗಿ ವಾರಗಳನ್ನು ಕಳೆಯುವುದು, ಕಠಿಣ ಪಥ್ಯದ ಹೆಸರಿನಲ್ಲಿ ಬೇಳೆ, ಹಾಲು, ಮೊಟ್ಟೆಗಳನ್ನು ಪೂರ್ತಿ ನಿಲ್ಲಿಸುವುದು, ಸಿರೋಸಿಸ್ ಇರುವವರಿಗೆ ಅಂಗಡಿಯ ನೋವಿನ ಮಾತ್ರೆ ಕೊಡುವುದು ಇವು ಮುಂದಿನ ರೋಗಿಯಲ್ಲಿ ತಪ್ಪಿಸಬಹುದಾದ ಸಂಗತಿಗಳು. ನೋವಿನ ಕೆಲವು ಮಾತ್ರೆಗಳು ಇಂಥವರಲ್ಲಿ ರಕ್ತಸ್ರಾವವನ್ನೂ ಮೂತ್ರಪಿಂಡದ ತೊಂದರೆಯನ್ನೂ ತರಬಲ್ಲವು. ಇಂಥವರು ಉಪ್ಪನ್ನು ಮಿತಗೊಳಿಸಬೇಕಾಗುತ್ತದೆ. ಆದರೆ ಪ್ರೋಟೀನ್ ಅವರಿಗೆ ಅವಶ್ಯ.

6. ಉತ್ತರ ಇರುವ ಕಾಗದಗಳು

ಮೊಮ್ಮಗನ ಪ್ರಶ್ನೆಗೆ ಈಗ ಬರಬಹುದು. ಜನನ ಮತ್ತು ಮರಣ ನೋಂದಣಿ ಅಧಿನಿಯಮ, 1969ರ ಅನ್ವಯ ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆದರೆ ಕುಟುಂಬಕ್ಕೆ ನೀಡುವ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣವನ್ನು ಕಾಣಿಸುವಂತಿಲ್ಲ. ಇದು ಕಾನೂನಿನಲ್ಲೇ ಇರುವ ನಿರ್ಬಂಧ. ಪ್ರಮಾಣಪತ್ರವು ಬ್ಯಾಂಕು, ಕಂದಾಯ ಕಚೇರಿ, ವಿಮಾ ಕಚೇರಿಗಳಲ್ಲಿ ಓಡಾಡುವ ಕಾಗದವಾದ್ದರಿಂದ ಸತ್ತವರ ಕಾಯಿಲೆ ಎಲ್ಲರ ಕಣ್ಣಿಗೆ ಬೀಳದಿರುವುದು ಯುಕ್ತವೇ ಆಗಿದೆ. ಕಾರಣ ತಿಳಿಯಲು ಮನೆಯವರು ಬೇರೆ ಕಾಗದಗಳನ್ನು ನೋಡಬೇಕು.

ಮರಣ ಕಾರಣದ ವೈದ್ಯಕೀಯ ಪ್ರಮಾಣಪತ್ರ. ಆಸ್ಪತ್ರೆಯಲ್ಲಿ ಸಾವು ಸಂಭವಿಸಿದರೆ ನಮೂನೆ 4ರಲ್ಲಿ, ಮನೆಯಲ್ಲಿ ಸಂಭವಿಸಿದರೆ ಕೊನೆಯ ಕಾಯಿಲೆಯಲ್ಲಿ ಚಿಕಿತ್ಸೆ ನೀಡಿದ ವೈದ್ಯರು ನಮೂನೆ 4ಎಯಲ್ಲಿ ಇದನ್ನು ಬರೆಯುತ್ತಾರೆ. ಇದಕ್ಕೆ ಶುಲ್ಕವಿಲ್ಲ. 2023ರ ತಿದ್ದುಪಡಿಯಂತೆ, ಅದೇ ವರ್ಷದ ಅಕ್ಟೋಬರ್ 1ರಿಂದ, ಸರ್ಕಾರಿ ಅಥವಾ ಖಾಸಗಿ ಯಾವುದೇ ವೈದ್ಯಕೀಯ ಸಂಸ್ಥೆ ಈ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗೆ ಕಳುಹಿಸುವುದರ ಜೊತೆಗೆ ಅದರ ಪ್ರತಿಯನ್ನು ಹತ್ತಿರದ ಸಂಬಂಧಿಗೆ ಕೊಡಬೇಕು. ಅನೇಕ ಕುಟುಂಬಗಳಿಗೆ ಈ ವಿಷಯ ತಿಳಿಯದು, ಕೇಳುವುದೂ ಇಲ್ಲ.

ಇದನ್ನು ಓದುವ ಕ್ರಮವೂ ತಿಳಿದಿರಬೇಕು. ಮೊದಲ ಭಾಗದ ಮೇಲಿನ ಸಾಲಿನಲ್ಲಿ ಸಾವಿಗೆ ತಕ್ಷಣದ ಕಾರಣ, ಅದರ ಕೆಳಗಿನ ಸಾಲುಗಳಲ್ಲಿ ಅದಕ್ಕೆ ಕಾರಣವಾದ ಹಿಂದಿನ ಸ್ಥಿತಿ, ತೀರಾ ಕೆಳಗೆ ಮೂಲ ಕಾರಣ ಇರುತ್ತದೆ. ಉದಾಹರಣೆಗೆ: ಮೇಲೆ ‘ಅನ್ನನಾಳದ ರಕ್ತನಾಳ ಒಡೆದು ರಕ್ತಸ್ರಾವ’, ಕೆಳಗೆ ‘ಸಿರೋಸಿಸ್’, ಅದರ ಕೆಳಗೆ ‘ದೀರ್ಘಕಾಲದ ಹೆಪಟೈಟಿಸ್ ಬಿ’. ಎರಡನೆಯ ಭಾಗದಲ್ಲಿ ಸಕ್ಕರೆ ಕಾಯಿಲೆಯಂತಹ ಜೊತೆಯ ಸಂಗತಿ ಇರುತ್ತದೆ. ಅಂದರೆ ಮನೆಯವರು ಹುಡುಕುವ ಉತ್ತರ ಕೆಳಗಿನ ಸಾಲಿನಲ್ಲಿದೆ. ‘ಹೃದಯ ಮತ್ತು ಉಸಿರಾಟ ನಿಂತು ಹೋದದ್ದು’ ಎಂದಷ್ಟೇ ಬರೆದಿದ್ದರೆ ಅದು ಸಾವು ಆದ ರೀತಿಯನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ. ಮೂಲ ಕಾರಣವೇನೆಂದು ವೈದ್ಯರನ್ನು ವಿನಯದಿಂದ ಕೇಳಲು ಅವಕಾಶವಿದೆ.

ಚಿಕಿತ್ಸಾ ದಾಖಲೆಗಳು. ಕೇಸ್ ಶೀಟ್, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ವರದಿ, ಮರಣ ಸಾರಾಂಶ ಇವುಗಳ ಪ್ರತಿಯನ್ನು ಅಧಿಕೃತ ಸಂಬಂಧಿಗಳು ಲಿಖಿತವಾಗಿ ಕೇಳಬಹುದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ಕೇಳಿಕೆ ಬಂದ 72 ಗಂಟೆಗಳೊಳಗೆ ದಾಖಲೆ ಒದಗಿಸಬೇಕು. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಕಾಯ್ದಿರಿಸಬೇಕು. ಆದ್ದರಿಂದ ತಡಮಾಡದೆ ಅರ್ಜಿ ಕೊಡುವುದು ಲೇಸು. ಅರ್ಜಿಯೊಡನೆ ಮರಣ ಪ್ರಮಾಣಪತ್ರ, ಸಂಬಂಧ ತೋರುವ ದಾಖಲೆ, ಅರ್ಜಿದಾರರ ಗುರುತಿನ ಚೀಟಿಯ ಪ್ರತಿಗಳನ್ನು ಲಗತ್ತಿಸಿ, ಸ್ವೀಕೃತಿ ಪಡೆಯತಕ್ಕದ್ದು.

ದಾಖಲೆ ಕೈಗೆ ಬಂದ ಮೇಲೆ ಅದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತೋರಿಸಿ ಅರ್ಥ ಮಾಡಿಕೊಳ್ಳಬೇಕು. ವಿಶೇಷವಾಗಿ ಹೆಪಟೈಟಿಸ್ ‘ಬಿ’ಯ ಎಚ್‌ಬಿಎಸ್‌ಎಜಿ ಪರೀಕ್ಷೆ ಮತ್ತು ಹೆಪಟೈಟಿಸ್ ‘ಸಿ’ ಪರೀಕ್ಷೆಯ ಫಲಿತಾಂಶವೇನು ಎಂದು ಕೇಳಬೇಕು.

ದೂರು ಇದ್ದರೆ. ಚಿಕಿತ್ಸೆಯಲ್ಲಿ ಲೋಪವಾಗಿದೆ ಎಂದು ದಾಖಲೆ ನೋಡಿದ ನಂತರವೂ ಅನಿಸಿದರೆ, ಸರ್ಕಾರಿ ಆಸ್ಪತ್ರೆಯಾದಲ್ಲಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗೆ, ಖಾಸಗಿ ಆಸ್ಪತ್ರೆಯಾದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅನ್ವಯ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ಜಿಲ್ಲಾ ಪ್ರಾಧಿಕಾರಕ್ಕೆ ಲಿಖಿತ ದೂರು ನೀಡಬಹುದು. ಆಸ್ಪತ್ರೆಯ ಮುಂದೆ ಗುಂಪು ಸೇರಿಸುವುದರಿಂದ ಉತ್ತರ ಸಿಗುವುದಿಲ್ಲ. ಕಾಗದ ಸಿಗುವುದೂ ತಡವಾಗುತ್ತದೆ.

7. ಬದುಕಿರುವವರ ಪರೀಕ್ಷೆ

ಸಂದರ್ಭದ ಕುಟುಂಬಕ್ಕೆ ಬಂದ ದಾಖಲೆಯಲ್ಲಿ ಅಜ್ಜಿಯ ಎಚ್‌ಬಿಎಸ್‌ಎಜಿ ‘ಪಾಸಿಟಿವ್’ ಎಂದಿತ್ತು ಎಂದು ಇಟ್ಟುಕೊಳ್ಳಿ. ಇಲ್ಲಿಗೆ ಎರಡು ಗಾಳಿಮಾತುಗಳೂ ಬಿದ್ದುಹೋದವು. ಅಲ್ಲಿಗೇ ಕಡತ ಮುಚ್ಚಿದರೆ ಅರ್ಧ ಕೆಲಸವಷ್ಟೇ ಆದಂತೆ. ಅಜ್ಜಿಗೆ ಸೋಂಕು ಬಾಲ್ಯದಲ್ಲೇ ತಗುಲಿದ್ದರೆ, ಅವರ ಮಕ್ಕಳು ಹುಟ್ಟುವಾಗಲೂ ವೈರಸ್ ಅವರ ರಕ್ತದಲ್ಲಿತ್ತು. ಆದ್ದರಿಂದ ಎಲ್ಲ ಮಕ್ಕಳೂ, ಮೊಮ್ಮಕ್ಕಳೂ, ಒಂದೇ ಮನೆಯಲ್ಲಿ ವಾಸವಿದ್ದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಪರೀಕ್ಷೆಯಲ್ಲಿ ಮಗ, ಸೊಸೆ ಮತ್ತು ಮೊಮ್ಮಗನಿಗೆ ಸೋಂಕಿಲ್ಲ. ಮಗಳಿಗೂ ಗರ್ಭಿಣಿ ಮೊಮ್ಮಗಳಿಗೂ ಸೋಂಕಿದೆ ಎಂದು ಬಂತು. ಇಬ್ಬರಿಗೂ ಯಾವ ತೊಂದರೆಯೂ ಕಂಡಿರಲಿಲ್ಲ. ಮೊಮ್ಮಗಳ ತಾಯಿ ಕಾರ್ಡಿನಲ್ಲಿ ಈ ಪರೀಕ್ಷೆಯ ಜಾಗ ಖಾಲಿಯಾಗಿಯೇ ಇತ್ತು. ಈಗ ಏನೇನು ಸಾಧ್ಯ ಎಂಬುದನ್ನು ಗಮನಿಸಿ.

ಮಗಳಿಗೆ ಯಕೃತ್ತಿನ ಪರೀಕ್ಷೆ, ವೈರಸ್ ಪ್ರಮಾಣದ ಪರೀಕ್ಷೆ ನಡೆಯುತ್ತದೆ. ಅವಶ್ಯವಿದ್ದರೆ ದಿನಕ್ಕೊಂದು ಮಾತ್ರೆಯಿಂದ ವೈರಸ್ಸನ್ನು ಹತ್ತಿಕ್ಕಬಹುದು. ಸಿರೋಸಿಸ್ ತಲುಪುವ ಮೊದಲೇ ತಡೆಯುವ ಅವಕಾಶ ಆಕೆಗಿದೆ.

ಮೊಮ್ಮಗಳ ಹೆರಿಗೆಯನ್ನು ಆಸ್ಪತ್ರೆಯಲ್ಲೇ ಯೋಜಿಸಬೇಕು. ವೈರಸ್ ಪ್ರಮಾಣ ಹೆಚ್ಚಿದ್ದರೆ ಗರ್ಭಾವಸ್ಥೆಯಲ್ಲೇ ಮಾತ್ರೆ ಆರಂಭಿಸಲು ವೈದ್ಯರು ನಿರ್ಧರಿಸಬಹುದು. ಹುಟ್ಟಿದ ಮಗುವಿಗೆ 24 ಗಂಟೆಗಳೊಳಗೆ, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು, ಹೆಪಟೈಟಿಸ್ ‘ಬಿ’ ಲಸಿಕೆಯನ್ನೂ ರೋಗನಿರೋಧಕ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ಕೊಡಬೇಕು. ಬಳಿಕ 6, 10, 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆ. ಈ ಕ್ರಮದಿಂದ ಬಹುತೇಕ ಶಿಶುಗಳು ಸೋಂಕಿನಿಂದ ಪಾರಾಗುತ್ತವೆ. ಮೂರು ತಲೆಮಾರಿನಿಂದ ಬಂದ ಸರಪಳಿ ನಾಲ್ಕನೆಯದರಲ್ಲಿ ಕಡಿಯುತ್ತದೆ.

ಸೋಂಕಿಲ್ಲದವರು ಲಸಿಕೆ ಪಡೆಯುವ ಕುರಿತು ವೈದ್ಯರ ಸಲಹೆ ಕೇಳಬೇಕು. ಈ ಲಸಿಕೆ ದೇಶದಾದ್ಯಂತ ಶಿಶುಗಳ ಸಾರ್ವತ್ರಿಕ ಕಾರ್ಯಕ್ರಮಕ್ಕೆ ವಿಸ್ತರಿಸಿದ್ದು 2011ರಲ್ಲಿ. ಅದಕ್ಕೂ ಮುಂಚೆ ಹುಟ್ಟಿದ ಬಹಳಷ್ಟು ಮಂದಿಗೆ ಲಸಿಕೆ ಆಗಿಲ್ಲ.

ಪರೀಕ್ಷೆ ಮತ್ತು ಔಷಧಿಯ ವೆಚ್ಚಕ್ಕೆ ಹೆದರಬೇಕಾಗಿಲ್ಲ. 2018ರ ಜುಲೈ 28ರಂದು, ವಿಶ್ವ ಹೆಪಟೈಟಿಸ್ ದಿನದಂದೇ, ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ‘ಬಿ’ ಮತ್ತು ‘ಸಿ’ ಎರಡಕ್ಕೂ ಪರೀಕ್ಷೆ, ಚಿಕಿತ್ಸೆ ಉಚಿತ. ಹೆಪಟೈಟಿಸ್ ‘ಸಿ’ ಬಹುಪಾಲು ರೋಗಿಗಳಲ್ಲಿ 12 ವಾರಗಳ ಮಾತ್ರೆಯಿಂದ ಪೂರ್ತಿ ಗುಣವಾಗುತ್ತದೆ. ಒಳರೋಗಿ ಚಿಕಿತ್ಸೆ ಬೇಕಾದಾಗ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಸೌಲಭ್ಯವಿದೆ.

ಕಾರಣ ವೈರಸ್ ಅಲ್ಲವೆಂದು ದಾಖಲೆ ಹೇಳಿದರೂ ಮನೆಯವರಿಗೆ ಒಂದು ಕೆಲಸ ಉಳಿಯುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು ಮನೆತನದಲ್ಲಿದ್ದರೆ ಮೂವತ್ತು ದಾಟಿದ ಎಲ್ಲರೂ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ತೂಕ, ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ಮದ್ಯವೇ ಕಾರಣವಾಗಿದ್ದು ಮನೆಯಲ್ಲಿ ಇನ್ನೊಬ್ಬರಿಗೆ ಆ ಚಟವಿದ್ದರೆ ಟೆಲಿ-ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು. ಅಗಲಿಕೆಯ ದುಃಖದಿಂದ ಊಟ, ನಿದ್ದೆ ಬಿಟ್ಟವರಿಗೂ ಅದೇ ಸಂಖ್ಯೆ.

8. ಸದಸ್ಯರು ಪಾಲಿಸಬೇಕಾದ ಅಂಶಗಳು

1. ಗೋಪ್ಯತೆ. ಮರಣದ ಕಾರಣವಾಗಲಿ, ಮನೆಯವರ ಪರೀಕ್ಷಾ ಫಲಿತಾಂಶವಾಗಲಿ ಗ್ರಾಮ ಸಭೆಯಲ್ಲಿ, ವಾಟ್ಸ್ಆ್ಯಪ್ ಗುಂಪಿನಲ್ಲಿ, ಹೋಟೆಲಿನ ಕಟ್ಟೆಯ ಮೇಲೆ ಚರ್ಚೆಯಾಗಬಾರದು. ಮದುವೆಯಾಗಬೇಕಾದ ಹೆಣ್ಣುಮಕ್ಕಳು, ಕೂಲಿಗೆ ಹೋಗುವವರು ಆ ಮನೆಯಲ್ಲಿರುತ್ತಾರೆ ಎಂಬುದು ನೆನಪಿರಲಿ.

2. ಬಹಿಷ್ಕಾರಕ್ಕೆ ಎಡೆಗೊಡದಿರುವುದು. ಹೆಪಟೈಟಿಸ್ ‘ಬಿ’ ಮತ್ತು ‘ಸಿ’ ಜೊತೆಯಲ್ಲಿ ಉಣ್ಣುವುದರಿಂದ, ಒಂದೇ ನಲ್ಲಿಯ ನೀರು ಕುಡಿಯುವುದರಿಂದ, ಮಗುವನ್ನು ಎತ್ತಿಕೊಳ್ಳುವುದರಿಂದ ಹರಡುವುದಿಲ್ಲ. ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿಗಳನ್ನು ಮಾತ್ರ ಹಂಚಿಕೊಳ್ಳಬಾರದು.

3. ಸೂಜಿಯ ಮೇಲೆ ನಿಗಾ. ವ್ಯಾಪ್ತಿಯಲ್ಲಿ ಅರ್ಹತೆಯಿಲ್ಲದೆ ಚುಚ್ಚುಮದ್ದು ಕೊಡುವವರು ಇದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಕ್ಷೌರದಂಗಡಿಗಳಲ್ಲಿ ಪ್ರತಿಯೊಬ್ಬರಿಗೂ ಹೊಸ ಬ್ಲೇಡ್ ಬಳಸುವಂತೆ, ಜಾತ್ರೆಗಳಲ್ಲಿ ಹಚ್ಚೆ ಹಾಕುವವರು ಮತ್ತು ಕಿವಿ ಚುಚ್ಚುವವರು ಹೊಸ ಸೂಜಿ ಬಳಸುವಂತೆ ಪಂಚಾಯತಿ ಸೂಚನೆ ನೀಡಬಹುದು.

4. ತಾಯಿ ಕಾರ್ಡ್ ಪರಿಶೀಲನೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಎಲ್ಲ ಗರ್ಭಿಣಿಯರಿಗೂ ಎಚ್‌ಬಿಎಸ್‌ಎಜಿ ಪರೀಕ್ಷೆ ಆಗಿದೆಯೇ, ನವಜಾತ ಶಿಶುಗಳಿಗೆ 24 ಗಂಟೆಯೊಳಗಿನ ಲಸಿಕೆ ಬಿದ್ದಿದೆಯೇ ಎಂದು ಸಂಖ್ಯೆಯ ರೂಪದಲ್ಲಿ ಮಾತ್ರ, ಹೆಸರು ಹೇಳದೆ, ವರದಿ ಕೇಳಬೇಕು.

5. ಸಾವಿನ ಮನೆಗೆ ಭೇಟಿ. ಸಾಂತ್ವನದ ಮಾತಿನ ಜೊತೆಗೆ ಮೂರು ಸಂಗತಿಗಳನ್ನು ತಿಳಿಸಿ ಬರಬೇಕು: 21 ದಿನದೊಳಗೆ ನೋಂದಣಿ, ಮರಣ ಕಾರಣದ ಪ್ರಮಾಣಪತ್ರದ ಪ್ರತಿ, ಆಸ್ಪತ್ರೆ ದಾಖಲೆಗೆ ಅರ್ಜಿ. ಮನೆಯವರು ದುಃಖದಲ್ಲಿರುವಾಗ ಇವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಇನ್ನೂ ಉತ್ತಮ.

ಕೆಲವು ಸಾವುಗಳಲ್ಲಿ ಎಲ್ಲ ಕಾಗದಗಳನ್ನು ನೋಡಿದ ಮೇಲೂ ಮೂಲ ಕಾರಣ ತಿಳಿಯುವುದಿಲ್ಲ. ಹಾಗಾದಾಗ ‘ತಿಳಿಯಲಿಲ್ಲ’ ಎಂಬುದನ್ನೇ ಪ್ರಾಮಾಣಿಕವಾಗಿ ಮನೆಯವರಿಗೆ ಹೇಳಬೇಕು. ಖಾಲಿ ಜಾಗವನ್ನು ಊಹೆಯಿಂದ ತುಂಬಬಾರದು. ಆಗಲೂ ಬದುಕಿರುವವರ ಪರೀಕ್ಷೆಗೆ ಅಡ್ಡಿಯಿಲ್ಲ.

9. ಚರ್ಚಾ ಪ್ರಶ್ನೆಗಳು

(ಮುಂದಿನ ಸಾಮಾನ್ಯ ಸಭೆಗೆ ಮುನ್ನ ಸದಸ್ಯರು ಗುಂಪಿನಲ್ಲಿ ಚರ್ಚಿಸತಕ್ಕದ್ದು.)

1. ಮರಣ ಪ್ರಮಾಣಪತ್ರಕ್ಕೂ ಮರಣ ಕಾರಣದ ವೈದ್ಯಕೀಯ ಪ್ರಮಾಣಪತ್ರಕ್ಕೂ ಇರುವ ವ್ಯತ್ಯಾಸವೇನು? ಯಾವುದನ್ನು ಯಾರಿಂದ ಕೇಳಬೇಕು?

2. ಮನೆಯಲ್ಲೇ ತೀರಿಕೊಂಡ ಹಿರಿಯರ ವಿಷಯದಲ್ಲಿ ನಮೂನೆ 4ಎ ಪಡೆಯಲು ನಿಮ್ಮ ಗ್ರಾಮದಲ್ಲಿ ಇರುವ ಅಡಚಣೆಗಳು ಯಾವುವು?

3. ಸಂದರ್ಭದ ಕುಟುಂಬದಲ್ಲಿ ಮೊಮ್ಮಗ ಪ್ರಶ್ನೆ ಕೇಳದೇ ಇದ್ದಿದ್ದರೆ, ಅಥವಾ ಸದಸ್ಯೆ ‘ವಯಸ್ಸಾಗಿತ್ತಲ್ಲಪ್ಪಾ’ ಎಂದು ಕಳುಹಿಸಿದ್ದರೆ, ಹುಟ್ಟಲಿರುವ ಮಗುವಿಗೆ ಏನಾಗಬಹುದಿತ್ತು?

4. ಕಳೆದ ಒಂದು ವರ್ಷದಲ್ಲಿ ನಿಮ್ಮ ವಾರ್ಡಿನಲ್ಲಿ ಕಾಮಾಲೆ, ಹೊಟ್ಟೆಯ ನೀರು ಅಥವಾ ರಕ್ತ ವಾಂತಿಯಿಂದ ತೀರಿಕೊಂಡ ಹಿರಿಯರು ಇದ್ದಾರೆಯೇ? ಅವರ ಮನೆಯವರಿಗೆ ಪರೀಕ್ಷೆಯ ಮಾಹಿತಿಯನ್ನು ಯಾರು, ಯಾವ ರೀತಿಯಲ್ಲಿ, ಗೋಪ್ಯತೆ ಕೆಡದಂತೆ ತಲುಪಿಸುವಿರಿ?